ಕಾನಬೈಲಿನಿಂದ ಬಂದ ಉತ್ತರಗಳು

ಮೂರು ತಾಲೂಕುಗಳ ಅರವತ್ಮೂರು ಮಕ್ಕಳ ಪೈಕಿ ಯಾವ ಹುಡುಗಿ ಅತ್ಯಂತ ನಿಷ್ಠೆಯಿಂದ ಔಷಧಿ ತೆಗೆದುಕೊಳ್ಳುತ್ತಿದ್ದಳೋ ಅವಳೇ ಎಲ್ಲರಿಗಿಂತ ಹೆಚ್ಚು ಉಬ್ಬಸ ಪಡುತ್ತಿದ್ದಳು. ಏಪ್ರಿಲ್ ಕೊನೆಯ ಸೋಮವಾರ, ಸಾಗರದ ಕ್ಲಿನಿಕ್ಕಿನಲ್ಲಿ, ಡಾಕ್ಟರ್ ಪ್ರತಿಮಾ ಆ ಹುಡುಗಿಯ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

"ಓದಿ, ರವಿಶಂಕರ್."

ಓದಿದೆ. ಸಿಂಚನಾ, ವಯಸ್ಸು ಒಂಬತ್ತು, ಕಾನಬೈಲು, ಹೊಸನಗರ ತಾಲೂಕು. ತಾಯಿ ಸುಚಿತ್ರಾ, ತಂದೆ ನಾಗರಾಜಪ್ಪ. ಅಸ್ತಮಾ ಇರುವ ಮಕ್ಕಳ ತಾಯಂದಿರ ಮೊಬೈಲಿಗೆ ನಮ್ಮ ಯೋಜನೆಯ ಕಂಪ್ಯೂಟರು ದಿನಕ್ಕೆರಡು ಸಂದೇಶ ಕಳುಹಿಸುತ್ತದೆ, ಬೆಳಿಗ್ಗೆ ಆರೂವರೆಗೆ ಮತ್ತು ಸಂಜೆ ಆರೂವರೆಗೆ: 'ನಮಸ್ಕಾರ. ಮಗುವಿಗೆ ಕಂದು ಪಂಪು ಕೊಟ್ಟಾಯಿತೇ? ಕೊಟ್ಟಿದ್ದರೆ ಒಂದು, ಇಲ್ಲದಿದ್ದರೆ ಎರಡು ಒತ್ತಿ.' ಡಿಸೆಂಬರಿನ ನಡುವಿನಿಂದ ಆವತ್ತಿನವರೆಗೆ ಸುಚಿತ್ರಾಳ ಫೋನಿಗೆ ಇನ್ನೂರ ಎಪ್ಪತ್ತಕ್ಕೂ ಹೆಚ್ಚು ಸಂದೇಶಗಳು ಹೋಗಿದ್ದವು. ಜನವರಿಯ ನಾಲ್ಕು ಸಂದೇಶಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ಒಂದು ಎಂಬ ಉತ್ತರವೇ ಬಂದಿತ್ತು, ಅದೂ ಎರಡು ನಿಮಿಷದೊಳಗೆ.

"ಬಿಡದೆ ಕಂದು ಪಂಪು ತಗೊಳ್ಳೋ ಮಗು ತಿಂಗಳಿಗೊಂದು ನೀಲಿ ಪಂಪು ಖಾಲಿ ಮಾಡುತ್ತಾ?" ಎಂದು ಡಾಕ್ಟರು ಕೇಳಿದರು.

ಪಂಪು ಎಂದರೆ ಇನ್‌ಹೇಲರು. ನೀಲಿ ಪಂಪು ಉಸಿರು ಕಟ್ಟಿದಾಗ ಬಿಡಿಸುವ ಮದ್ದು. ಅದನ್ನು ಅಪರೂಪಕ್ಕೆ ಒತ್ತಬೇಕು. ಕಂದು ಪಂಪು ಒಳಗಿನ ಊತವನ್ನು ನಿಧಾನವಾಗಿ ಇಳಿಸುವ ಮದ್ದು. ಅದನ್ನು ಕೆಮ್ಮು ಇರಲಿ, ಇಲ್ಲದಿರಲಿ, ದಿನವೂ ಎರಡು ಹೊತ್ತು ಒತ್ತಬೇಕು. ಎರಡನೆಯದನ್ನು ಸರಿಯಾಗಿ ತೆಗೆದುಕೊಂಡರೆ ಮೊದಲನೆಯದರ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಸಿಂಚನಾಳಿಗೆ ಕಡಿಮೆಯಾಗಿರಲಿಲ್ಲ.

"ಕಂದು ಪಂಪು ಇವಳಿಗೆ ಸಾಲ್ತಿಲ್ಲ ಅಂತ ಅರ್ಥ. ಮುಂದಿನ ಮೆಟ್ಟಿಲು ದಿನಾ ನುಂಗೋ ಮಾತ್ರೆ. ಆ ಮಾತ್ರೆ ಮಗು ಎತ್ತರ ಬೆಳೆಯೋದನ್ನ ತಡೆಯುತ್ತೆ, ಮೂಳೆಗೂ ಕೈ ಹಾಕುತ್ತೆ. ಒಂಬತ್ತು ವರ್ಷದ ಮಗುವಿಗೆ ಬೇರೆ ದಾರಿ ಇದ್ರೆ ನಾನು ಬರೆಯೋಲ್ಲ. ಆದರೆ ಮಳೆಗಾಲಕ್ಕೆ ಇನ್ನು ಆರು ವಾರ. ಶನಿವಾರ ಅವರು ಬರ್ತಾರೆ. ಅಷ್ಟರಲ್ಲಿ ನೀವು ಮನೆಗೆ ಹೋಗಿ ಪಂಪು ಹೇಗೆ ಒತ್ತುತ್ತಾರೆ ನೋಡಿ. ಮದ್ದು ಬಾಯಲ್ಲೇ ಉಳೀತಿದ್ರೆ ತಿದ್ದೋಣ. ಸರಿಯಾಗೇ ಒತ್ತುತ್ತಿದ್ರೆ ಮಾತ್ರೆ ಶುರು ಮಾಡ್ತೀನಿ."

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರಕ್ಕೂ ಮನೆಭೇಟಿಗೆ ಇದ್ದವನು ನಾನೊಬ್ಬನೇ. ಆದರೂ ಕಾನಬೈಲಿಗೆ ಒಮ್ಮೆಯೂ ಹೋಗಿರಲಿಲ್ಲ. ಉತ್ತರ ಬಾರದ ಮನೆಗಳಿಗೆ ಮಾತ್ರ ಹೋಗಬೇಕೆಂಬುದು ನಮ್ಮ ಕ್ರಮವಾಗಿತ್ತು. ಮಂಡಗದ್ದೆಯ ಅನಂತಮೂರ್ತಿಯವರು ಮೊಮ್ಮಗನಿಗೆ ಹೊತ್ತುಹೊತ್ತಿಗೆ ತಾವೇ ಮದ್ದು ಕೊಡುತ್ತಿದ್ದರು. ಆದರೆ ಒಂದನ್ನೂ ಒತ್ತದೆ, ಎರಡನ್ನೂ ಒತ್ತದೆ, "ಮಿಷನ್ನಿಗೆಲ್ಲ ಎಂತ ಉತ್ತರ ಕೊಡೋದು ಮಾರಾಯ್ರೆ, ನೀವು ಬಂದಾಗ ನಿಮಗೇ ಹೇಳ್ತೀನಿ" ಎನ್ನುತ್ತಿದ್ದರು. ಅವರ ಮನೆಗೆ ನಾನು ಒಂಬತ್ತು ಸಲ ಹೋಗಿ ಒಂಬತ್ತು ಸಲವೂ ಕಾಫಿ ಕುಡಿದು ಬಂದಿದ್ದೆ. ಎರಡೇ ನಿಮಿಷದಲ್ಲಿ ಉತ್ತರಿಸುವ ಮನೆಗೆ ಹೋಗುವ ಕಾರಣವೇ ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನ ಬೈಕು ಹತ್ತಿದೆ. ಹೊಸನಗರ ದಾಟಿ ನಗರ ಎಂಬ ಊರಿನ ದಾರಿಯಲ್ಲಿ ಎಡಕ್ಕೆ ತಿರುಗಿದ ಮೇಲೆ ಮಣ್ಣುರಸ್ತೆ. ಅಲ್ಲಿಂದ ಫೋನಿನ ಸಿಗ್ನಲ್ ಒಂದೊಂದೇ ಗೆರೆಯಾಗಿ ಅಳಿಸಿಹೋಯಿತು. ಸಂಜೆ ಆರರ ಸುಮಾರಿಗೆ ದಿಬ್ಬವೊಂದನ್ನು ಹತ್ತಿದಾಗ ಗೆರೆಗಳು ತಿರುಗಿ ಬಂದವು. ದಿಬ್ಬದ ನೆತ್ತಿಯಲ್ಲಿ ತಗಡು ಹೊದಿಸಿದ ಹಾಲಿನ ಡೇರಿ ಇತ್ತು. ಊರಿನ ಮನೆಗಳು ಆಚೆ ಬದಿಯ ತಗ್ಗಿನಲ್ಲಿ, ಅಲ್ಲಲ್ಲಿ.

ಡೇರಿಯ ಕಾರ್ಯದರ್ಶಿ ಗಿರಿಯಪ್ಪ ಅರವತ್ತು ದಾಟಿದವರು. ಹಾಲಿನ ಪಾತ್ರೆಯಲ್ಲಿ ನೀರು ಬೆರೆತದ್ದನ್ನು ತೋರಿಸುವ ಮಾಪಕವನ್ನು ಮುಳುಗಿಸಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದರು.

"ಯಾರು? ಇನ್ಸೂರೆನ್ಸಿನೋರಾ?"

"ಅಲ್ಲ. ಸಾಗರದಿಂದ. ಪಂಪಿನ ಮೆಸೇಜು ಬರ್ತದಲ್ಲ, ಆ ಯೋಜನೆಯವನು."

ಅವರು ಎರಡೂ ಕಣ್ಣು ತೆರೆದರು. "ಓಹೋಹೋ! ನೀವನಾ ಅದು! ದಿನಾ ಎರಡು ಹೊತ್ತು ಮಾತಾಡ್ತೀವಿ, ಮುಖ ನೋಡಿದ್ದು ಇವತ್ತೇ. ಕೂತ್ಕಳಿ, ಕೂತ್ಕಳಿ. ಏ ಬೆಳ್ಳಪ್ಪ, ಆ ಕ್ಯಾನು ಸರಿಸೋ, ಸಾಹೇಬ್ರು ಕೂರ್ಲಿ."

ಹಾಲು ತಂದಿದ್ದ ಬೆಳ್ಳಪ್ಪ ಎಂಬವನು ಕ್ಯಾನನ್ನು ಸರಿಸಿ, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಸಾಹೇಬ್ರ ಬೈಕಿಗೆ ನನ್ನ ಬೈಕಿಗಿಂತ ವಯಸ್ಸಾಗಿದೆ" ಎಂದು ಹೇಳಿ ಹೊರಟುಹೋದ.

ಗಿರಿಯಪ್ಪನವರ ಮಾತಿನ ಅರ್ಥ ನನಗೆ ಆಗಲಿಲ್ಲ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಉದ್ದನೆಯ ಹಲಗೆಯೊಂದಿತ್ತು. ಅದರ ಮೇಲೆ ಹನ್ನೊಂದು ಮೊಬೈಲುಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಹಳದಿ ದಾರ, ಒಂದಕ್ಕೆ ಬಿಂದಿ, ಇನ್ನೊಂದಕ್ಕೆ ಕೆಂಪು ರಬ್ಬರ್ ಬ್ಯಾಂಡು. ಕೆಳಗಿನ ಮನೆಗಳಲ್ಲಿ ಸಿಗ್ನಲ್ ಇಲ್ಲದ ಕಾರಣ ಊರಿನವರು ಫೋನುಗಳನ್ನು ಡೇರಿಯಲ್ಲೇ ಬಿಟ್ಟಿರುತ್ತಿದ್ದರು. ಬೆಳಿಗ್ಗೆ, ಸಂಜೆ ಹಾಲು ತಂದಾಗ ಯಾರು ಕರೆದಿದ್ದರೆಂದು ನೋಡಿ, ಮಾತಾಡುವುದಿದ್ದರೆ ಮಾತಾಡಿ, ಮತ್ತೆ ಹಲಗೆಯ ಮೇಲಿಟ್ಟು ಹೋಗುತ್ತಿದ್ದರು.

ಆರೂವರೆಗೆ ಸರಿಯಾಗಿ ಕೆಂಪು ರಬ್ಬರ್ ಬ್ಯಾಂಡಿನ ಫೋನು ಟಿಣಿಂಗುಟ್ಟಿತು. ಗಿರಿಯಪ್ಪ ಹೆಗಲ ಟವೆಲಿಗೆ ಕೈ ಒರೆಸಿಕೊಂಡು, ಫೋನು ತೆಗೆದು, ಹೆಬ್ಬೆರಳಿನಿಂದ ಒಂದು ಒತ್ತಿ, ಇದ್ದ ಜಾಗದಲ್ಲೇ ಇಟ್ಟರು.

"ನೋಡಿ, ಉತ್ತರ ಬಂತು ನಿಮಗೆ."

"ಅದು ಸುಚಿತ್ರಾ ಅವರ ಫೋನಾ?"

"ಹೌದು."

"ಮಗುವಿಗೆ ಪಂಪು ಕೊಟ್ಟಿದ್ದು ನಿಮಗೆ ಹೇಗೆ ಗೊತ್ತು?"

"ಕೊಡದೇ ಇರ್ತಾಳಾ? ಹೆತ್ತ ತಾಯಿ ಮಾರಾಯ್ರೆ! ಹಾಲಿಗೆ ಬಂದವಳು ಐದೂಮುಕ್ಕಾಲಿಗೇ ವಾಪಸ್ ಹೋಗ್ತಾಳೆ, ಮೆಸೇಜು ಬರೋದು ಆರೂವರೆಗೆ. ಪಾಪ, ಒತ್ತೋದಕ್ಕೆ ಅಂತ ಇನ್ನೊಂದು ಸಲ ದಿಬ್ಬ ಹತ್ತಬೇಕಾ ಅವಳು?"

ನಾನು ಹಲಗೆಯ ಮೇಲಿನ ಆ ಫೋನನ್ನೇ ನೋಡಿದೆ. ಅವರು ಅದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡರು.

"ಜನವರೀಲಿ ಎರಡು ದಿನ ತಪ್ಪಿದ್ದು ನಿಜ, ಇಲ್ಲ ಅನ್ನಲ್ಲ. ಮಗಳ ಮನೆಗೆ ತಾಳಗುಪ್ಪಕ್ಕೆ ಹೋಗಿದ್ದೆ. ಆವಾಗ ನಿಮ್ಮ ಪೈಕಿ ಯಾವನೋ ಪುಣ್ಯಾತ್ಮ ಫೋನು ಮಾಡಿ, ಹಿಂಗೇ ಉತ್ತರ ಕೊಡದಿದ್ರೆ ಪಟ್ಟಿಯಿಂದ ಹೆಸರು ತೆಗೀಬೇಕಾಗ್ತದೆ ಅಂತ ಜೋರು ಮಾಡಿದ್ನಂತೆ. ಅವಳು ಇಲ್ಲೇ, ಈ ಕಂಬ ಹಿಡ್ಕಂಡು ಅತ್ತಳಂತೆ. ಅವತ್ತಿಂದ ನಾನು ಹಾಲಿನ ಹೊತ್ತಿಗೆ ಊರು ಬಿಟ್ಟಿಲ್ಲ."

"ಆ ಫೋನು ಮಾಡಿದವನು ನಾನೇ."

ಗಿರಿಯಪ್ಪ ನನ್ನ ಮುಖವನ್ನು ಹಾಲಿನ ಮಾಪಕ ಓದಿದ ಹಾಗೆ ಸ್ವಲ್ಪ ಹೊತ್ತು ಓದಿದರು. "ಹೌದನಾ?" ಎಂದರು. "ಸರಿ. ಚಾ ಕುಡೀರಿ."

ಚಹಾ ಕುಡಿದು ಇಳಿಜಾರಿನಲ್ಲಿ ನಡೆದು ಸುಚಿತ್ರಾಳ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ನಾಗರಾಜಪ್ಪ ಮಣ್ಣು ಅಗೆಯುವ ಹಿಟಾಚಿ ಓಡಿಸುವ ಕೆಲಸದ ಮೇಲೆ ಹೊರಗಡೆ ಇದ್ದ. ಅವನ ತಾಯಿ ರಂಗಮ್ಮ ಅಂಗಳದಲ್ಲಿ ಹಪ್ಪಳದ ಚಾಪೆ ಮಡಚುತ್ತಿದ್ದರು. ಸಿಂಚನಾ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಉಸಿರಿನ ಸೀಟಿ ಮೆಟ್ಟಿಲವರೆಗೂ ಕೇಳುತ್ತಿತ್ತು. ಸುಚಿತ್ರಾ ಒಳಗಿನಿಂದ ಬಂದವಳು ನಾನು ಯಾರೆಂದು ತಿಳಿದ ಕೂಡಲೇ ಸೆರಗು ಸರಿಪಡಿಸಿಕೊಂಡಳು.

"ಉತ್ತರ ತಪ್ಪಿ ಹೋಯ್ತಾ ಸಾರ್?"

"ಇಲ್ಲ. ಪಂಪು ಹೇಗೆ ಒತ್ತುತ್ತೀರಿ ಅಂತ ನೋಡೋಕೆ ಬಂದೆ."

ಸಿಂಚನಾ ಎದ್ದು ತಾನೇ ನೀಲಿ ಪಂಪು ಮತ್ತು ಪ್ಲಾಸ್ಟಿಕ್ಕಿನ ನಳಿಗೆಯನ್ನು ತಂದಳು. ಪಂಪನ್ನು ಅಲುಗಿಸಿದಳು, ನಳಿಗೆಗೆ ಸಿಕ್ಕಿಸಿದಳು, ಉಸಿರನ್ನು ಪೂರ್ತಿ ಹೊರಹಾಕಿ ಒತ್ತಿದಳು, ನಿಧಾನವಾಗಿ ಒಳಗೆಳೆದುಕೊಂಡು, ಬೆರಳುಗಳಲ್ಲಿ ಹತ್ತು ಎಣಿಸುವವರೆಗೆ ಹಿಡಿದಿಟ್ಟುಕೊಂಡಳು. ಒಂದೇ ಒಂದು ತಪ್ಪು ಇರಲಿಲ್ಲ. ಶನಿವಾರ ಮಾತ್ರೆ ಶುರು ಎಂಬುದೇ ಇದರರ್ಥ.

"ಈಗ ಕಂದು ಪಂಪು ತೋರಿಸಿ."

ಸುಚಿತ್ರಾ ಕದಲಲಿಲ್ಲ. ರಂಗಮ್ಮ ಚಾಪೆಯನ್ನು ಗೋಡೆಗೆ ಒರಗಿಸುತ್ತ, "ತೋರಿಸೇ. ಅಷ್ಟು ಚಂದ ಮಾಡಿ ಇಟ್ಟಿದೀಯ, ಬಂದೋರಿಗೆ ತೋರಿಸಕ್ಕೆ ಎಂತ?" ಎಂದರು.

ನಡುಮನೆಯ ಮೇಲಿನ ಅಟ್ಟದಲ್ಲಿ ಆ ಮನೆಯ ಮಳೆಗಾಲ ತಯಾರಾಗಿ ಕೂತಿತ್ತು: ಉಪ್ಪಿನ ಜಾಡಿ, ಒಣಮೆಣಸಿನ ಡಬ್ಬ, ಮುರುಗಲ ಸಿಪ್ಪೆ, ಒಣಮೀನಿನ ಕಟ್ಟು, ಎರಡು ಡಜನ್ ಬೆಂಕಿಪೊಟ್ಟಣ, ಮೇಣದ ಬತ್ತಿ. ಸುಚಿತ್ರಾ ಏಣಿ ಹತ್ತಿ, ಬೆಂಕಿಪೊಟ್ಟಣಗಳ ಪಕ್ಕದಿಂದ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಇಳಿಸಿದಳು. ಒಳಗೆ, ಹಳೆಯ ಬನಿಯನ್ನಿನಲ್ಲಿ ಸುತ್ತಿ, ಐದು ಕಂದು ಪಂಪುಗಳು. ನಾಲ್ಕರ ಸೀಲು ಒಡೆದಿರಲಿಲ್ಲ. ಐದನೆಯದರ ಬೆನ್ನಿನ ಕಿಂಡಿಯಲ್ಲಿ ಎಪ್ಪತ್ತಾರು ಎಂದಿತ್ತು. ನೂರ ಇಪ್ಪತ್ತು ಒತ್ತಿನ ಪಂಪು. ದಿನಕ್ಕೆ ನಾಲ್ಕರಂತೆ ಹನ್ನೊಂದು ದಿನ ಮಾತ್ರ ಬಳಕೆಯಾಗಿತ್ತು.

"ಹನ್ನೊಂದು ದಿನಕ್ಕೆ ಕೆಮ್ಮು ನಿಂತೇ ಹೋಯ್ತು ಸಾರ್," ಎಂದು ಸುಚಿತ್ರಾ ಹೇಳಿದಳು. "ಇದನ್ನ ಎಳೆದ್ರೆ ಕೂಡ್ಲೇ ಎಂತದೂ ಗೊತ್ತಾಗಲ್ಲ. ಕೆಮ್ಮು ಇಲ್ಲದಾಗ ಸುಮ್ನೆ ಎಂತಕ್ಕೆ ಖಾಲಿ ಮಾಡೋದು, ಮಳೆಗಾಲಕ್ಕೆ ಇರ್ಲಿ ಅಂತ ಇಟ್ಟೆ. ಆಮೇಲೆ ಕೆಮ್ಮು ಬಂದಾಗ ನೀಲಿ ಇತ್ತಲ್ಲ."

"ಮಳೆಗಾಲದಲ್ಲಿ ಏನಾಗ್ತದೆ?"

"ಹೋದ ಜುಲೈ ನಿಮಗೆ ಗೊತ್ತಿಲ್ಲ. ಹಳ್ಳದ ಸೇತುವೆ ಮೇಲೆ ಒಂಬತ್ತು ದಿನ ನೀರು. ಇದ್ದ ಒಂದು ನೀಲಿ ಪಂಪು ಮೂರನೇ ದಿನಕ್ಕೆ ಮುಗೀತು. ಇವರು ಅವಳನ್ನ ಹೆಗಲ ಮೇಲೆ ಹಾಕ್ಕಂಡು ಕಾಡುದಾರೀಲಿ ಆರು ಮೈಲಿ ನಡೆದ್ರು. ಟಾರುರಸ್ತೆ ಮುಟ್ಟೋ ಹೊತ್ತಿಗೆ ಅವಳ ತುಟಿ ಬಣ್ಣ ತಿರುಗಿತ್ತು." ಅವಳು ಬನಿಯನ್ನನ್ನು ಮಡಚತೊಡಗಿದಳು. "ಉಪ್ಪು ಮುಗಿದ್ರೆ ಪಕ್ಕದ ಮನೇಲಿ ಕೇಳ್ಬಹುದು. ಉಸಿರು ಯಾರ ಮನೇಲಿ ಕೇಳೋದು?"

ನಾನು ಕೆಲಸಕ್ಕೆ ಸೇರಿದಾಗ ಕಲಿತ ವಿವರಣೆ ಆ ಅಟ್ಟದ ಕೆಳಗೆ ನಿಂತು ಹೇಳುವಂಥದ್ದಾಗಿರಲಿಲ್ಲ. ಹಾಗಾಗಿ ರಂಗಮ್ಮನವರನ್ನು ಕೇಳಿದೆ: "ಅಮ್ಮ, ಒಡೆದ ಹಂಚು ಬದಲಿಸಿ ಮಾಡು ಕೈಯಾಡಿಸೋದು ಯಾವಾಗ?"

"ಇದೇ ತಿಂಗಳು. ಯಾಕೆ?"

"ಮಳೆ ಶುರುವಾದ ಮೇಲೆ ಕೈಯಾಡಿಸಿದ್ರೆ?"

"ಯಾರಾದ್ರೂ ಹಂಗೆ ಮಾಡ್ತಾರಾ? ಜಾರಿ ಬಿದ್ದು ಸೊಂಟ ಮುರ್ಕಳಕ್ಕೆ?"

"ಈ ಕಂದು ಪಂಪು ಆ ಕೆಲಸದ್ದು. ಮಳೆ ಬರೋದ್ರೊಳಗೆ ಎದೆಯೊಳಗೆ ಅದರ ಕೆಲಸ ಆಗಿರಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಸೇತುವೆ ಮುಳುಗಿದ ದಿನ ಡಬ್ಬ ತೆಗೆದ್ರೆ ಇದು ಎಂತದೂ ಮಾಡಲ್ಲ."

ಮೊದಲು ಬಾಯಿ ತೆರೆದವರು ರಂಗಮ್ಮ, ಅದೂ ನನ್ನ ಮೇಲೆಯೇ.

"ಮತ್ತೆ ಇದನ್ನ ಮೊದ್ಲೇ ಹೇಳ್ಬಾರದಾ? ಕೊಟ್ಟಾಯ್ತಾ, ಕೊಟ್ಟಾಯ್ತಾ ಅಂತ ದಿನಾ ಎರಡು ಸಲ ಕೇಳ್ತೀರಿ. ಎಂತಕ್ಕೆ ಕೊಡಬೇಕು ಅಂತ ಒಂದು ದಿನ ಬರೆದ್ರಾ?"

ಬರೆದಿರಲಿಲ್ಲ. ಡಿಸೆಂಬರಿನಲ್ಲಿ ಕ್ಲಿನಿಕ್ಕಿನ ಗದ್ದಲದಲ್ಲಿ ಒಮ್ಮೆ ಹೇಳಿದ್ದೆವು, ಅಷ್ಟೆ.

ಆ ಸಂಜೆಯೇ ಸಿಂಚನಾ ಎಪ್ಪತ್ತಾರರ ಪಂಪಿನಿಂದ ಎರಡು ಬಾರಿ ಎಳೆದುಕೊಂಡು ಬಾಯಿ ಮುಕ್ಕಳಿಸಿದಳು. ಹೊತ್ತು ಯಾವುದೆಂದು ಗೊತ್ತುಮಾಡಬೇಕಾಗಿತ್ತು. ಸುಚಿತ್ರಾ ತಾನೇ ಹೇಳಿದಳು, ಕರೆದ ಹಾಲನ್ನು ಸೋಸಿ ಕ್ಯಾನಿಗೆ ಸುರಿಯುವ ಮೊದಲು. "ಹಸು ಕರೆಯೋದು ಒಂದು ಹೊತ್ತೂ ಬಿಡಕ್ಕಾಗಲ್ಲ. ಬಿಟ್ರೆ ಅದು ಕೂಗಿ ಊರು ಎಬ್ಬಿಸ್ತದೆ."

ನಾನು ಹೊರಡುವಾಗ ಅವಳು ಅಂಗಳದ ಕೊನೆಯವರೆಗೂ ಬಂದಳು.

"ಡಾಕ್ಟರಮ್ಮಗೆ ಹೇಳ್ಬೇಡಿ ಸಾರ್. ಇವತ್ತಿಂದ ಸರಿಯಾಗಿ ಕೊಡ್ತೀನಿ. ಹೋದ ತಿಂಗಳು ಅಷ್ಟು ಜನ ತಾಯಂದಿರ ಎದುರು ನನ್ನ ನಿಲ್ಲಿಸಿ, ಇವರನ್ನ ನೋಡಿ ಕಲೀರಿ ಅಂತ ಚಪ್ಪಾಳೆ ತಟ್ಟಿಸಿದಾರೆ. ಗಿರಿಯಪ್ಪನೋರು ಉತ್ತರ ಒತ್ತಿದ್ದಕ್ಕೆ ನನಗೆ ಚಪ್ಪಾಳೆ. ಅವತ್ತೇ ಹೇಳ್ಬೇಕಾಗಿತ್ತು, ಬಾಯಿ ಬರ್ಲಿಲ್ಲ."

"ಹೇಳದಿದ್ರೆ ಶನಿವಾರ ಮಾತ್ರೆ ಬರೀತಾರೆ." ಮಾತ್ರೆಯ ವಿಷಯವನ್ನು ಡಾಕ್ಟರು ಹೇಳಿದಂತೆಯೇ ಹೇಳಿದೆ.

ಜಗಲಿಯಿಂದ ಸಿಂಚನಾ ಕೇಳಿದಳು: "ನಾನು ಉದ್ದ ಬೆಳೆಯಲ್ವಾ ಹಂಗಾರೆ?"

ದಿಬ್ಬ ಹತ್ತುವಾಗ ನನಗೊಂದು ಸುಲಭದ ದಾರಿ ಹೊಳೆಯಿತು. 'ಪಂಪು ಒತ್ತುವ ಕ್ರಮದಲ್ಲಿ ತಪ್ಪಿತ್ತು, ತಿದ್ದಲಾಗಿದೆ, ಆರು ವಾರ ಕಾಯಬಹುದು' ಎಂದು ಬರೆದರೆ ಮಾತ್ರೆ ತಪ್ಪುತ್ತಿತ್ತು. ಸುಚಿತ್ರಾಳ ಮಾನ ಉಳಿಯುತ್ತಿತ್ತು. ಜನವರಿಯ ನನ್ನ ಫೋನಿನ ಮಾತು ಎಲ್ಲಿಯೂ ಬರುತ್ತಿರಲಿಲ್ಲ. ಡೇರಿಯ ದೀಪದ ಕೆಳಗೆ ಬೈಕಿನ ಸೀಟಿನ ಮೇಲೆ ಹಾಳೆಯಿಟ್ಟು ಪೆನ್ನು ತೆಗೆದದ್ದೂ ಆಯಿತು. ಆದರೆ ಆ ಇನ್ನೂರ ಎಪ್ಪತ್ತು ಉತ್ತರಗಳು ನಿಜವೆಂದೇ ಕಡತದಲ್ಲಿ ಉಳಿಯುತ್ತಿದ್ದವು. ಮಳೆಗಾಲದಲ್ಲಿ ಒಂದು ಕೆಟ್ಟ ವಾರ ಬಂದರೆ ಸಾಕು, ಯಾವ ಡಾಕ್ಟರು ನೋಡಿದರೂ ಕಂದು ಪಂಪು ಈ ಮಗುವಿಗೆ ನಾಟುವುದಿಲ್ಲವೆಂದು ತೀರ್ಮಾನಿಸಿ ಅದೇ ಮಾತ್ರೆಯನ್ನು ಬರೆಯುತ್ತಿದ್ದರು. ಪೆನ್ನು ಜೇಬಿಗೆ ಹಾಕಿ ಮತ್ತೆ ಇಳಿದು ಹೋಗಿ ಸುಚಿತ್ರಾಳಿಗೆ ಇಷ್ಟನ್ನೂ ಹೇಳಿದೆ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ನೀವೇ ಹೇಳಿ, ಅಲ್ಲಿಯವರೆಗೆ ನಾನಾಗಿ ಬಾಯಿ ಬಿಡುವುದಿಲ್ಲ, ಆಮೇಲೆ ಬಿಡುತ್ತೇನೆ ಎಂದೆ. ಅವಳು ತಗಡಿನ ಡಬ್ಬದ ಮುಚ್ಚಳ ಒತ್ತಿ ಮುಚ್ಚಿ ಒಳಗೆ ಹೋದಳು.

ಶನಿವಾರ ಹನ್ನೊಂದೂವರೆಯಾದರೂ ಅವರು ಬಂದಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಸುಚಿತ್ರಾ ಮಗಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಬನ್ನಿ, ಬನ್ನಿ, ನಮ್ಮ ನಂಬರ್ ಒನ್ ತಾಯಿ," ಎಂದರು ಡಾಕ್ಟರ್ ಪ್ರತಿಮಾ. ಸಿಂಚನಾಳ ಬೆನ್ನಿಗೆ ಸ್ಟೆತಾಸ್ಕೋಪು ಹಿಡಿದು ಬಹಳ ಹೊತ್ತು ಕೇಳಿದರು. ಸೀಟಿ ಹಾಗೆಯೇ ಇತ್ತು. ಮೂರು ದಿನದ ಮದ್ದಿಗೆ ಅದು ಹೋಗುವಂಥದ್ದಲ್ಲ. ಅವರು ನಿಟ್ಟುಸಿರಿಟ್ಟು ಔಷಧಿ ಚೀಟಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲ ಸುಚಿತ್ರಾ. ಮದ್ದೇ ಸಾಲ್ತಿಲ್ಲ. ಹಾಗಾಗಿ..."

ಸುಚಿತ್ರಾ ಚೀಲದಿಂದ ತಗಡಿನ ಡಬ್ಬವನ್ನು ತೆಗೆದು ಆ ಚೀಟಿಯ ಮೇಲೆಯೇ ಇಟ್ಟಳು.

"ಮದ್ದಿಗೆ ಎಂತ ಹೇಳ್ಬೇಡಿ ಮೇಡಂ. ಅದು ಇಲ್ಲೇ ಇದೆ."

ಡಾಕ್ಟರು ಡಬ್ಬ ತೆರೆದರು. ಒಂದೊಂದೇ ಪಂಪನ್ನು ಎತ್ತಿ ಸೀಲು ನೋಡಿ ಮೇಜಿನ ಮೇಲೆ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಬುಧವಾರವೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಆ ಉತ್ತರಗಳು?"

"ಡೇರಿ ಗಿರಿಯಪ್ಪನವರದು," ಎಂದು ಸುಚಿತ್ರಾಳೇ ಹೇಳಿದಳು. ಫೋನುಗಳ ಹಲಗೆಯಿಂದ ಹಿಡಿದು ಸೇತುವೆಯವರೆಗೆ ಎಲ್ಲವನ್ನೂ ನಿಂತುಕೊಂಡೇ ಹೇಳಿದಳು. ನನ್ನ ಜನವರಿಯ ಫೋನಿನ ಮಾತು ಅವಳು ಬಿಟ್ಟಳು. ಅದನ್ನು ನಾನು ಸೇರಿಸಿದೆ.

"ಅಂದ್ರೆ ನಾಲ್ಕೂವರೆ ತಿಂಗಳು ನಾನು ಒಬ್ಬ ಹಾಲಿನ ಸೆಕ್ರೆಟರಿ ಮಾತು ನಂಬಿ ಕೂತಿದ್ದೆ!"

"ಅವರನ್ನ ಬಯ್ಬೇಡಿ ಮೇಡಂ. ಹಾಲಿಗೆ ಒಂದು ಚಂಬು ನೀರು ಹಾಕಿದ್ರೂ ಅವರು ಅಲ್ಲೇ ಹಿಡೀತಾರೆ. ನನ್ನ ಮಾತ್ರ ಹಿಡೀಲಿಲ್ಲ."

ಡಾಕ್ಟರಿಗೆ ನಗು ಬಂತು. ಬಂದದ್ದು ನಿಲ್ಲದೆ ಅರ್ಧದಲ್ಲೇ ಹೋಯಿತು. "ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ ಸುಚಿತ್ರಾ? ಇವತ್ತು ನಾನು ಏನು ಬರೆಯೋಕೆ ಹೊರಟಿದ್ದೆ, ಗೊತ್ತಾ?"

"ಫೋನು ಕೇಳ್ತಿತ್ತು, ಅದಕ್ಕೆ ಅವರು ಹೇಳ್ತಿದ್ರು. ನೀವು ಕೇಳಿದ್ರೆ ನಾನು ಹೇಳ್ತಿದ್ದೆ. ನೀವು ಚಪ್ಪಾಳೆ ತಟ್ಟಿಸಿದ್ರಿ."

ಹೊರಗೆ ಯಾವುದೋ ಮಗು ಅಳುತ್ತಿತ್ತು. ಡಾಕ್ಟರು ಡಬ್ಬದ ಕೆಳಗಿನಿಂದ ಚೀಟಿಯನ್ನು ಎಳೆದು ಹರಿದು ಬುಟ್ಟಿಗೆ ಹಾಕಿದರು. ಹೊಸ ಚೀಟಿಯ ಮೇಲೆ ಡಿಸೆಂಬರಿನಲ್ಲಿ ಬರೆದಿದ್ದ ಅದೇ ಕಂದು ಪಂಪನ್ನು, ಅದೇ ಪ್ರಮಾಣದಲ್ಲಿ, ಬುಧವಾರದ ತಾರೀಕಿನಿಂದ ಬರೆದರು. ಮಾತ್ರೆಯ ಹೆಸರು ಅದರಲ್ಲಿ ಇರಲಿಲ್ಲ. ಹಳೆಯ ಹಾಳೆಯ ಉತ್ತರಗಳ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು.

"ಜೂನ್ ಎರಡನೇ ವಾರ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಈ ಸೀಟಿ ಇಳೀಬೇಕು. ಇಳಿಯದಿದ್ರೆ ಮಾತ್ರೆ ಮಾತು ಆಗ ನೋಡೋಣ."

ಸುಚಿತ್ರಾ ಪಂಪುಗಳ ಮೇಲೆ ಮುದ್ರಿಸಿದ ಅವಧಿಯ ತಾರೀಕುಗಳನ್ನು ಓದಿ, ಮೊದಲು ಮುಗಿಯುವುದು ಮೇಲೆ ಬರುವಂತೆ ಡಬ್ಬದಲ್ಲಿ ಜೋಡಿಸುತ್ತಿದ್ದಳು. ಜೋಡಿಸುತ್ತಲೇ ಕೇಳಿದಳು: "ಮಳೆಗಾಲಕ್ಕೆ ಎಂತ ಇಟ್ಕಳೋದು ಹಂಗಾರೆ? ದಿನಾ ಒತ್ತಿದ್ರೆ ಇವು ಮುಗೀತವೆ. ಸೇತುವೆ ಮುಳುಗೋದು ಮುಳುಗ್ತದೆ."

ಡಾಕ್ಟರು ಪೆನ್ನನ್ನು ಮತ್ತೆ ಎತ್ತಿಕೊಂಡರು. ತಿಂಗಳಿಗೊಂದು ಪಂಪು ಎಂಬ ನಿಯಮ ಮಾಡಿದವರು ಅವರೇ. ಹಾಗೆ ಮಾಡುವಾಗ ಹಳ್ಳಗಳು ಅವರ ಲೆಕ್ಕದಲ್ಲಿರಲಿಲ್ಲ. ಚೀಟಿಯ ಕೊನೆಗೆ ಎರಡು ನೀಲಿ ಪಂಪು ಎಂದು ಸೇರಿಸಿದರು. "ಇವು ಅಟ್ಟಕ್ಕೆ. ಜೂನಲ್ಲಿ ಕಂದು ಮೂರು ಒಟ್ಟಿಗೆ ಕೊಡ್ತೀನಿ. ಅವು ಅಟ್ಟಕ್ಕಲ್ಲ."

ಹೊಸನಗರದ ಬಸ್ಸು ಒಂದು ಗಂಟೆಗಿತ್ತು. ನಾನು ಅವರನ್ನು ಬಿಟ್ಟು ಬರಲು ನಿಲ್ದಾಣದವರೆಗೆ ನಡೆದೆ. ಗೇಟಿನ ಹತ್ತಿರ ತಲುಪಿದಾಗ ಬಸ್ಸು ಆಗಲೇ ಹಿಂದಕ್ಕೆ ಸರಿದು ತಿರುಗುತ್ತಿತ್ತು.

"ಅಮ್ಮ, ಬಸ್ಸು!" ಎಂದು ಸಿಂಚನಾ ಕೈ ಕೊಸರಿಕೊಂಡು ಓಡಲು ಹೊರಟಳು. ಸುಚಿತ್ರಾ ಅವಳ ಭುಜ ಹಿಡಿದು ನಿಲ್ಲಿಸಿದಳು.

"ಓಡೋದು ಜೂನಿಗೆ. ಈಗ ನಡಿ."

ನಾನು ಮುಂದೆ ಹೋಗಿ ಕಂಡಕ್ಟರಿಗೆ ಕೈ ಮಾಡಿದೆ. ಅವನು ಏನೋ ಗೊಣಗಿ ಸೀಟಿ ಊದಿದ. ಬಸ್ಸು ನಿಂತಿತು. ತಾಯಿ, ಮಗಳು ಇಬ್ಬರೂ ಅವಸರವಿಲ್ಲದೆ, ಒಂದೇ ಹೆಜ್ಜೆಯಲ್ಲಿ, ನಿಲ್ದಾಣದ ಅಂಗಳವನ್ನು ದಾಟಿ ಬಸ್ಸು ಹತ್ತಿದರು.